ಹದಿನೆಂಟರ ಹುಡುಗ, ಇಪ್ಪತ್ತೈದರ ಆಟಗಾರ: ಹಾಕಿ ಮ್ಯಾನೇಜರ್ ಆಟಗಳು ಬೆಳೆದ ಬಗೆ

ಕಂಪ್ಯೂಟರಿನ ಹಾಕಿಯಲ್ಲಿ ಎರಡು ಬಗೆ. ಒಂದರಲ್ಲಿ ಸ್ಟಿಕ್ ನಮ್ಮ ಕೈಯಲ್ಲಿರುತ್ತದೆ, ಗೋಲು ಹೊಡೆಯುವವರೂ ನಾವೇ. ಇನ್ನೊಂದರಲ್ಲಿ ಸ್ಟಿಕ್ ಮುಟ್ಟುವ ಮಾತೇ ಇಲ್ಲ. ತಂಡದ ಯಜಮಾನಿಕೆ ಹೊತ್ತು ಆಟಗಾರರನ್ನು ಆರಿಸಬೇಕು, ತರಬೇತಿ ಕೊಡಿಸಬೇಕು, ದುಡ್ಡಿನ ಲೆಕ್ಕ ನೋಡಬೇಕು, ಹತ್ತು ವರ್ಷ ಮುಂದಿನ ತಂಡವನ್ನು ಇವತ್ತೇ ಕಟ್ಟಬೇಕು. ಇದು ಮ್ಯಾನೇಜರ್ ಆಟ. ಇದರ ಜೀವಾಳ ಒಂದೇ ಪ್ರಶ್ನೆಯಲ್ಲಿದೆ: ಹದಿನೆಂಟರ ಹುಡುಗ ಇಪ್ಪತ್ತೈದಕ್ಕೆ ಎಂಥ ಆಟಗಾರನಾಗುತ್ತಾನೆ? ನಲವತ್ತು ವರ್ಷಗಳಲ್ಲಿ ಈ ಆಟಗಳು ಆ ಪ್ರಶ್ನೆಗೆ ಕೊಟ್ಟ ಉತ್ತರ ಬದಲಾಗುತ್ತಾ ಬಂದಿದೆ. ಆ ಬದಲಾವಣೆಯಲ್ಲಿ ನಮ್ಮ ಮೈದಾನಗಳಿಗೂ ಪಾಠವಿದೆ.

ಮುಚ್ಚಿಟ್ಟ ಅಂಕಿ

ಆರಂಭವಾದದ್ದು ಫುಟ್‌ಬಾಲಿನಿಂದ. 1982ರಲ್ಲಿ ಇಂಗ್ಲೆಂಡಿನ ಕೆವಿನ್ ಟಾಮ್ಸ್ ತಂದ ‘ಫುಟ್‌ಬಾಲ್ ಮ್ಯಾನೇಜರ್’ನಲ್ಲಿ ಆಟಗಾರನ ಕೌಶಲವೆಂದರೆ 1ರಿಂದ 5ರೊಳಗಿನ ಒಂದು ಅಂಕಿ, ಅಷ್ಟೇ. 1992ರಲ್ಲಿ ಕಾಲಿಯರ್ ಸಹೋದರರ ‘ಚಾಂಪಿಯನ್‌ಶಿಪ್ ಮ್ಯಾನೇಜರ್’ ಬಂತು. ಆ ಪರಂಪರೆಯ ಆಟಗಳಲ್ಲಿ ಪ್ರತಿ ಆಟಗಾರನಿಗೂ ಎರಡು ಗುಪ್ತ ಅಂಕಿಗಳಿರುತ್ತವೆ. ಒಂದು ಇಂದಿನ ಸಾಮರ್ಥ್ಯ, ಇನ್ನೊಂದು ಅವನು ಏರಬಹುದಾದ ಗರಿಷ್ಠ ಮಟ್ಟ. ಎರಡಕ್ಕೂ 200ರ ಅಳತೆ.

ಹಾಕಿಗೆ ಈ ಕ್ರಮವನ್ನು ತಂದವರು ಫಿನ್ಲೆಂಡಿನ ರಿಸ್ಟೊ ರೆಮೆಸ್. ಅವರು ಮೊದಲು ಉಚಿತವಾಗಿ ಹಂಚಿದ ‘ಈಸ್ಟ್‌ಸೈಡ್ ಹಾಕಿ ಮ್ಯಾನೇಜರ್’ ಅನ್ನು ಸ್ಪೋರ್ಟ್ಸ್ ಇಂಟರ್ಯಾಕ್ಟಿವ್ ಕಂಪನಿ 2004ರಲ್ಲಿ ಮಾರುಕಟ್ಟೆಗೆ ತಂದಿತು. 2007ರ ಆವೃತ್ತಿಯ ನಂತರ ನಿಂತುಹೋದ ಆಟ 2015ರಲ್ಲಿ ಮತ್ತೆ ಬಂತು. ಇಲ್ಲಿ ಹಾಕಿ ಎಂದರೆ ಐಸ್ ಹಾಕಿ. ಸ್ಕೇಟಿಂಗ್, ಪಾಸ್, ಹೊಡೆತ, ಛಲ ಎಂದು ಆಟಗಾರನ ಒಂದೊಂದು ಗುಣಕ್ಕೂ 20ರೊಳಗಿನ ಅಂಕ. ಗರಿಷ್ಠ ಮಟ್ಟ ಮಾತ್ರ ಕಾಣುವುದಿಲ್ಲ, ಪ್ರತಿಭೆ ಹುಡುಕುವ ಸ್ಕೌಟ್‌ಗಳ ವರದಿ ಓದಿ ಊಹಿಸಬೇಕು. ಸ್ಕೌಟ್ ಚುರುಕಿಲ್ಲದಿದ್ದರೆ ವರದಿಯೂ ದಾರಿ ತಪ್ಪಿಸುತ್ತದೆ.

ಈ ಕ್ರಮದಲ್ಲಿ ಒಂದು ದೋಷವಿತ್ತು. ಗರಿಷ್ಠ ಮಟ್ಟ ಹುಟ್ಟಿನಲ್ಲೇ ಬರೆದಿಟ್ಟ ಹಣೆಬರಹದಂತಾಯಿತು. ತರಬೇತಿ ಎಷ್ಟೇ ಕೊಟ್ಟರೂ ಹುಡುಗ ಆ ಗೆರೆ ದಾಟುತ್ತಿರಲಿಲ್ಲ. ಅದನ್ನು ಸಡಿಲಿಸಲು ‘ಫುಟ್‌ಬಾಲ್ ಮ್ಯಾನೇಜರ್’ ಸರಣಿ ಎಳೆಯ ಆಟಗಾರರಿಗೆ ಖಚಿತ ಅಂಕಿಯ ಬದಲು ಒಂದು ವ್ಯಾಪ್ತಿಯನ್ನು ಕೊಡತೊಡಗಿತು. ಹೊಸದಾಗಿ ಆಟ ಶುರು ಮಾಡಿದಾಗಲೆಲ್ಲ ಅದೇ ಹುಡುಗನ ಭವಿಷ್ಯ ಬೇರೆಯಾಗುತ್ತದೆ.

ಡ್ರಾಫ್ಟ್ ಎಂಬ ಪರೀಕ್ಷೆ

ಹುಡುಗರ ಭವಿಷ್ಯ ಊಹಿಸುವ ಕೆಲಸ ನಿಜವಾದ ಹಾಕಿಯಲ್ಲೂ ಇದೆ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ 1963ರಿಂದ ಡ್ರಾಫ್ಟ್ ನಡೆಸುತ್ತಿದೆ. ಹದಿನೆಂಟರ ಆಸುಪಾಸಿನ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಸೋತು ಕೆಳಗುಳಿದ ತಂಡಗಳಿಗೆ ಮುಂಚಿನ ಸರದಿ. ಬೇಕೆಂದೇ ಸೋಲುವುದನ್ನು ತಡೆಯಲು 1995ರಿಂದ ಲಾಟರಿಯೂ ಬಂದಿದೆ.

ಇಷ್ಟು ಎಚ್ಚರದಿಂದ ಆರಿಸಿದರೂ ಅಂದಾಜು ತಲೆಕೆಳಗಾಗುತ್ತದೆ. 1993ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಅಲೆಕ್ಸಾಂಡ್ರ್ ಡೈಗ್ಲ್ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. ರಷ್ಯಾದ ಪಾವೆಲ್ ದಾತ್ಸ್ಯುಕ್‌ನನ್ನು ಎರಡು ಡ್ರಾಫ್ಟ್‌ಗಳಲ್ಲಿ ಯಾರೂ ಕೇಳಲಿಲ್ಲ. 1998ರಲ್ಲಿ ಡೆಟ್ರಾಯಿಟ್ ತಂಡ 171ನೆಯವನಾಗಿ ತೆಗೆದುಕೊಂಡಿತು. ಮುಂದೆ ಅವನು ತನ್ನ ಪೀಳಿಗೆಯ ಶ್ರೇಷ್ಠರಲ್ಲೊಬ್ಬನಾದ. ಹುಡುಗನ ಆಟ ಕಳಪೆಯಾಗಿರಲಿಲ್ಲ, ಅವನ ಊರಿನತ್ತ ಹೋಗಿ ನೋಡಿದ ಸ್ಕೌಟ್‌ಗಳು ಕಡಿಮೆಯಿದ್ದರು. ಡೈಗ್ಲ್‌ನೂ ದಾತ್ಸ್ಯುಕ್‌ನೂ ಇಬ್ಬರೂ ಸಾಧ್ಯವಾಗುವಂಥ ಜಗತ್ತನ್ನು ಕಟ್ಟಬಲ್ಲ ಆಟವನ್ನಷ್ಟೇ ವಾಸ್ತವಕ್ಕೆ ಹತ್ತಿರವೆನ್ನಬಹುದು.

2013ರಲ್ಲಿ ಬಂದ ‘ಫ್ರ್ಯಾಂಚೈಸ್ ಹಾಕಿ ಮ್ಯಾನೇಜರ್’, 2021ರಲ್ಲಿ ಬ್ರೌಸರಿನಲ್ಲೇ ಉಚಿತವಾಗಿ ಆಡಲು ಸಿಕ್ಕ ‘ಹಾಕಿ ಜಿಎಂ’ ಈ ದಿಕ್ಕಿನಲ್ಲಿ ನಡೆದವು. ‘ಹಾಕಿ ಜಿಎಂ’ ಆಡುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಡ್ರಾಫ್ಟ್ ಪಟ್ಟಿಯಲ್ಲಿ ಹುಡುಗನ ಹೆಸರಿನ ಮುಂದೆ ಕಾಣುವ ಅಂಕಿ ಅವನ ನಿಜವಾದ ಅಂಕಿಯಲ್ಲ. ಅದರಲ್ಲಿ ಬೇಕೆಂದೇ ಸ್ವಲ್ಪ ತಪ್ಪು ಬೆರೆಸಿರುತ್ತಾರೆ. ಸ್ಕೌಟಿಂಗಿಗೆ ದುಡ್ಡು ಹಾಕಿದಷ್ಟೂ ಮಬ್ಬು ಕಡಿಮೆಯಾಗುತ್ತದೆ. ವರ್ಷ ಕಳೆದಂತೆ ಎಲ್ಲರ ಅಂಕಿಗಳೂ ವಯಸ್ಸು ಮತ್ತು ಅದೃಷ್ಟದ ಮೇಲೆ ಏರಿಳಿಯುತ್ತವೆ. ಬೀಜ ಒಳ್ಳೆಯದಿದ್ದರೂ ಮಳೆ ಬರಬೇಕೆಂಬ ಬಯಲುಸೀಮೆಯ ತಿಳಿವಳಿಕೆ ಈ ಲೆಕ್ಕದಲ್ಲಿದೆ. ಈ ಆಟದಲ್ಲಿ ಗೋಲ್‌ಕೀಪರ್ ಇತರರಿಗಿಂತ ತಡವಾಗಿ ಮಾಗುತ್ತಾನೆ, ಹೆಚ್ಚು ಕಾಲ ಬಾಳುತ್ತಾನೆ.

ಗೋಲ್‌ಕೀಪರ್ ತಡವಾಗಿ ಮಾಗುವುದು ಮೈದಾನದ ಹಾಕಿ ಆಡುವ ನಮಗೂ ಗೊತ್ತಿರುವ ಸತ್ಯ. ಭಾರತದ ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್ ತಿರುವನಂತಪುರದ ಜಿ.ವಿ. ರಾಜಾ ಕ್ರೀಡಾ ಶಾಲೆ ಸೇರಿದಾಗ ಹಾಕಿ ಆಟಗಾರನೇ ಆಗಿರಲಿಲ್ಲ. ಗೋಲು ಕಾಯಲು ಹೇಳಿದವರು ಅಲ್ಲಿನ ಕೋಚ್. 36ರ ವಯಸ್ಸಿನಲ್ಲಿ, 2024ರ ಪ್ಯಾರಿಸ್ ಒಲಿಂಪಿಕ್ಸಿನ ಕಂಚು ಗೆದ್ದು ನಿವೃತ್ತರಾದರು.

ನಮ್ಮ ಹಾಕಿಯ ಲೆಕ್ಕ ಬೇರೆ

ನಮ್ಮಲ್ಲಿ ಡ್ರಾಫ್ಟ್ ಇಲ್ಲ, ಹರಾಜು ಇದೆ. 2013ರಲ್ಲಿ ಶುರುವಾದ ಹಾಕಿ ಇಂಡಿಯಾ ಲೀಗ್ 2017ರ ನಂತರ ನಿಂತಿತ್ತು. ಅದು ಮತ್ತೆ ಚಿಗುರಿದಾಗ, 2024ರ ಅಕ್ಟೋಬರಿನ ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್‌ಗೆ ಸೂರ್ಮಾ ತಂಡ 78 ಲಕ್ಷ ರೂಪಾಯಿ ಕೊಟ್ಟಿತು. ಹರಾಜು ಇಂದಿನ ಆಟಕ್ಕೆ ಬೆಲೆ ಕಟ್ಟುತ್ತದೆ, ಡ್ರಾಫ್ಟ್ ನಾಳಿನ ಆಟಕ್ಕೆ. 24 ಜನರ ತಂಡದಲ್ಲಿ ಕನಿಷ್ಠ ನಾಲ್ವರು ಜೂನಿಯರ್‌ಗಳಿರಬೇಕೆಂದು 2024ರಲ್ಲಿದ್ದ ನಿಯಮವೇ ಅಲ್ಲಿ ನಾಳೆಗೆ ಸಿಕ್ಕ ಜಾಗವಾಗಿತ್ತು.

ಹಾಗಾದರೆ ಹುಡುಗರನ್ನು ಬೆಳೆಸುವವರು ಯಾರು? ಕೊಡಗು ಉತ್ತರ ಹೇಳುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಶುರು ಮಾಡಿದ ಕೊಡವ ಹಾಕಿ ಉತ್ಸವ, 2025ರಲ್ಲಿ ಮುದ್ದಂಡ ಮನೆತನ ನಡೆಸಿದ ಮುದ್ದಂಡ ಕಪ್ ಹೊತ್ತಿಗೆ 396 ತಂಡಗಳಿಗೆ ಬೆಳೆದಿತ್ತು. ಒಂದೇ ಮನೆತನದ ತಂಡದಲ್ಲಿ ಶಾಲೆಯ ಹುಡುಗ, ಮನೆಯ ಹೆಣ್ಣುಮಗಳು, ನರೆತ ಹಿರಿಯರು ಒಟ್ಟಿಗೆ ಸ್ಟಿಕ್ ಹಿಡಿಯುತ್ತಾರೆ. ಅದೇ ಪಂದ್ಯಾವಳಿಯಲ್ಲಿ ದೇಶಕ್ಕೆ ಆಡಿದವರೂ ಎದುರಾಗುತ್ತಾರೆ. ಇದರ ಬೆನ್ನಿಗೆ ಕೂಡಿಗೆ, ಪೊನ್ನಂಪೇಟೆಗಳ ಸರ್ಕಾರಿ ಕ್ರೀಡಾ ವಸತಿ ವ್ಯವಸ್ಥೆಯಿದೆ. ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯರಿಂದ ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್‌ವರೆಗೆ ಒಂದು ಸಣ್ಣ ಜಿಲ್ಲೆ ಇಷ್ಟು ಜನರನ್ನು ಕೊಟ್ಟದ್ದು ಅಲ್ಲಿ ಹುಟ್ಟಿದವರ ಗುಪ್ತ ಅಂಕಿ ದೊಡ್ಡದೆಂಬ ಕಾರಣಕ್ಕಲ್ಲ. ಅಲ್ಲಿ ಮಕ್ಕಳಿಗೆ ಸ್ಟಿಕ್ ಬೇಗ ಸಿಗುತ್ತದೆ, ಆಡಲು ಪಂದ್ಯ ಸಿಗುತ್ತದೆ, ನೋಡುವ ಕಣ್ಣು ಸಿಗುತ್ತದೆ.

ಮೈದಾನವೂ ಲೆಕ್ಕಕ್ಕೆ ಬರಬೇಕು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹಾಕಿ ಮೊದಲ ಸಲ ಕೃತಕ ಹಾಸಿನ ಮೇಲೆ ನಡೆದಾಗ ಭಾರತ ಏಳನೆಯ ಸ್ಥಾನಕ್ಕೆ ಜಾರಿತು. ಕಲಿತ ನೆಲ ಒಂದು, ಆಡುವ ನೆಲ ಇನ್ನೊಂದಾದರೆ ಆಗುವುದು ಹೀಗೆಯೇ.

ಭಾರತೀಯ ಹಾಕಿಗೆ ಒಂದು ನಿಜವಾದ ಮ್ಯಾನೇಜರ್ ಆಟ ಬರಬೇಕು. ಕೋಡ್ ಬರೆಯುವವರಿಗೆ ನಮ್ಮ ರಾಜ್ಯದಲ್ಲಿ ಕೊರತೆಯಿಲ್ಲ. ಅದರಲ್ಲಿ ವಸತಿ ಶಾಲೆಯ ಆಯ್ಕೆ ಇರಲಿ, ಮಣ್ಣಿನಿಂದ ಟರ್ಫ್‌ಗೆ ಹೋದಾಗ ತಡಬಡಾಯಿಸುವ ಮೊದಲ ವರ್ಷ ಇರಲಿ, ರೈಲ್ವೆಯ ನೌಕರಿ ಸಿಕ್ಕಿ ಆಟ ಉಳಿಸಿಕೊಂಡವನೂ ನೌಕರಿ ಸಿಗದೆ ಬಿಟ್ಟವನೂ ಇರಲಿ. ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ ಹೋಬಳಿಯಲ್ಲಿ ಹುಟ್ಟಿದ ಹುಡುಗನಿಗೂ ಪೊನ್ನಂಪೇಟೆಯಲ್ಲಿ ಹುಟ್ಟಿದವನಿಗೂ ಅದು ಒಂದೇ ಗರಿಷ್ಠ ಮಟ್ಟ ಕೊಟ್ಟು, ಸ್ಟಿಕ್, ಮೈದಾನ, ಕೋಚ್ ಮಾತ್ರ ಬೇರೆ ಬೇರೆ ಕೊಡಲಿ. ಹತ್ತು ವರ್ಷ ಆಡಿಸಿ ನೋಡಿದರೆ ಇಬ್ಬರ ನಡುವಿನ ಅಂತರ ಎಲ್ಲಿ ಹುಟ್ಟಿತೆಂಬುದು ಪರದೆಯ ಮೇಲೆ ಸ್ಪಷ್ಟವಾಗುತ್ತದೆ. ಚಿತ್ರದುರ್ಗದಂಥ ಜಿಲ್ಲೆಗಳಲ್ಲಿ ಹಾಕಿ ಏಕೆ ಬೇರೂರಲಿಲ್ಲ ಎಂದು ಕೇಳುವವರಿಗೆ, ಮೈದಾನಕ್ಕೆ ಹಣ ಮಂಜೂರು ಮಾಡುವವರಿಗೆ, ತೋರಿಸಲು ಅದಕ್ಕಿಂತ ಒಳ್ಳೆಯ ಸಾಧನ ಸಿಗುವುದು ಕಷ್ಟ.