ಕನ್ನಡ ಡಿಸ್‌ಪ್ಲೇ ಫಾಂಟ್ ಮತ್ತು ಸಣ್ಣ ಉದ್ದಿಮೆಗಳ ನಾಮಫಲಕ

ಡಿಸ್‌ಪ್ಲೇ ಫಾಂಟ್ ಎಂದರೆ ನಾಮಫಲಕ, ಶೀರ್ಷಿಕೆ, ಲಾಂಛನ, ಪೊಟ್ಟಣದ ಮುಖಭಾಗ ಮೊದಲಾದೆಡೆ ದೊಡ್ಡ ಗಾತ್ರದಲ್ಲಿ ಬಳಸಲು ರೂಪಿಸಿದ ಅಕ್ಷರಶೈಲಿ. ದೀರ್ಘ ಓದಿಗೆ ಬಳಸುವ ಪಠ್ಯ ಫಾಂಟ್‌ಗಳಿಂದ ಇದು ಭಿನ್ನವಾಗಿದೆ. ದುಂಡಾದ ತುದಿ, ದಪ್ಪ ಗೆರೆ, ಕುಣಿಯುವಂತಹ ಬಾಗು ಇತ್ಯಾದಿ ಲಕ್ಷಣಗಳುಳ್ಳ ಡಿಸ್‌ಪ್ಲೇ ಫಾಂಟ್‌ಗಳನ್ನು ಲವಲವಿಕೆಯ ಶೈಲಿಯವು ಎಂದು ಪರಿಗಣಿಸಲಾಗುತ್ತದೆ. ಬೇಕರಿ, ಐಸ್‌ಕ್ರೀಂ ಅಂಗಡಿ, ಮಕ್ಕಳ ಉಡುಪಿನ ಮಳಿಗೆ, ಗಿರ್ಮಿಟ್ ಮತ್ತು ಮಿರ್ಚಿ ಭಜಿಯ ಅಂಗಡಿಗಳಂತಹ ಸಣ್ಣ ಉದ್ದಿಮೆಗಳು ಇವುಗಳನ್ನು ಬಳಸುತ್ತವೆ. ಕನ್ನಡದಲ್ಲಿ ಇಂತಹ ಫಾಂಟ್‌ನ ಆಯ್ಕೆಯು ಅಕ್ಷರದ ಅಂದಕ್ಕಿಂತ ಹೆಚ್ಚಾಗಿ, ಉದ್ದಿಮೆಯ ಹೆಸರಿನಲ್ಲಿರುವ ಒತ್ತಕ್ಷರ ಮತ್ತು ಸ್ವರಚಿಹ್ನೆಗಳು ಆ ಫಾಂಟ್‌ನಲ್ಲಿ ಹೇಗೆ ಮೂಡುತ್ತವೆ ಎಂಬುದನ್ನು ಅವಲಂಬಿಸಿದೆ.

ಹಿನ್ನೆಲೆ

ಫಾಂಟ್‌ಗಳು ಬಳಕೆಗೆ ಬರುವ ಮೊದಲು ಅಂಗಡಿಗಳ ಫಲಕಗಳನ್ನು ಕಲಾವಿದರು ಕುಂಚದಿಂದ ಬರೆಯುತ್ತಿದ್ದರು. ಕೈಬರಹದಲ್ಲಿ ಒತ್ತಕ್ಷರಕ್ಕೆ ಜಾಗ ಸಾಲದಿದ್ದರೆ ಅದನ್ನು ಕಿರಿದಾಗಿಸುವ, ಪಕ್ಕಕ್ಕೆ ಸರಿಸುವ ಅಥವಾ ಮೇಲಿನ ಅಕ್ಷರವನ್ನೇ ಎತ್ತಿ ಬರೆಯುವ ಸ್ವಾತಂತ್ರ್ಯ ಕಲಾವಿದನಿಗಿರುತ್ತದೆ. ಫಾಂಟ್‌ನಲ್ಲಿ ಪ್ರತಿ ಅಕ್ಷರದ ಆಕಾರವು ಮೊದಲೇ ನಿಗದಿಯಾಗಿರುತ್ತದೆ. ಆದ್ದರಿಂದ ಕಲಾವಿದನು ಬರೆಯುವಾಗ ಮಾಡುತ್ತಿದ್ದ ಹೊಂದಾಣಿಕೆಯನ್ನು ಈಗ ಫಾಂಟ್ ಆರಿಸುವ ಹಂತದಲ್ಲಿಯೇ ಮಾಡಬೇಕಾಗುತ್ತದೆ.

ಗಣಕಯಂತ್ರದಲ್ಲಿ ಕನ್ನಡ ಬಳಕೆಗೆ 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶವೂ, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವೂ ನೆರವಾದವು. ಇವುಗಳ ಹಳೆಯ ಫಾಂಟ್‌ಗಳು ತಮ್ಮದೇ ಸಂಕೇತಗಳನ್ನು ಬಳಸುತ್ತಿದ್ದುದರಿಂದ, ಒಂದರಲ್ಲಿ ಬೆರಳಚ್ಚಿಸಿದ ಹೆಸರನ್ನು ಬೇರೆ ಫಾಂಟ್‌ಗೆ ಬದಲಿಸಿದರೆ ಅಕ್ಷರಗಳು ಅರ್ಥಹೀನವಾಗಿ ಕಾಣುತ್ತವೆ. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನವಿತ್ತು. ಇಂದಿನ ಮುಕ್ತ ಫಾಂಟ್‌ಗಳು ಯೂನಿಕೋಡ್ ಆಧಾರಿತವಾಗಿವೆ.

ಊರಿನ ಹೆಸರುಗಳ ಉದಾಹರಣೆ

ಅಂಗಡಿಯ ಫಲಕದಲ್ಲಿ ಸಾಮಾನ್ಯವಾಗಿ ಊರಿನ ಹೆಸರೂ ಇರುತ್ತದೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಎಂಬ ನಾಲ್ಕು ಹೆಸರುಗಳು ಕನ್ನಡ ಲಿಪಿಯ ನಾಲ್ಕು ಬೇರೆ ಬೇರೆ ತೊಡಕುಗಳನ್ನು ತೋರಿಸುತ್ತವೆ.

ಬೈಲಹೊಂಗಲ: ಈ ಹೆಸರಿನಲ್ಲಿ ಒತ್ತಕ್ಷರವಿಲ್ಲ. ಆದರೆ ‘ಬೈ’ ಅಕ್ಷರದ ಐತ್ವದ ಒಂದು ಭಾಗ ಮೇಲೆಯೂ ಇನ್ನೊಂದು ಭಾಗ ಕೆಳಗೂ ಬರುತ್ತದೆ. ‘ಹೊಂ’ ಎಂಬಲ್ಲಿ ಒತ್ವ ಮತ್ತು ಸೊನ್ನೆ ಎರಡೂ ಇರುವುದರಿಂದ ಅಕ್ಷರವು ಅಗಲವಾಗುತ್ತದೆ. ಅಗಲವಾದ ಫಾಂಟ್‌ನಲ್ಲಿ ಈ ಹೆಸರು ಫಲಕದ ಉದ್ದವನ್ನು ಮೀರಬಹುದು.

ಕಿತ್ತೂರು: ‘ತ್ತೂ’ ಎಂಬಲ್ಲಿ ಕೆಳಗೆ ತಕಾರದ ಒತ್ತು, ಬಲಕ್ಕೆ ಕೊಂಬಿನ ದೀರ್ಘ ಬರುತ್ತವೆ. ಗೆರೆ ತೀರ ದಪ್ಪವಾಗಿದ್ದರೆ ಇವೆರಡೂ ಒಂದಕ್ಕೊಂದು ತಾಗಿ, ದೂರದಿಂದ ನೋಡಿದಾಗ ಒಂದೇ ಗುಡ್ಡೆಯಂತೆ ಕಾಣುತ್ತವೆ.

ಸವದತ್ತಿ: ‘ತ್ತಿ’ ಅಕ್ಷರದಲ್ಲಿ ಮೇಲೆ ಗುಡಿಸು, ನಡುವೆ ಮೂಲಾಕ್ಷರ, ಕೆಳಗೆ ಒತ್ತು ಹೀಗೆ ಮೂರು ಅಂತಸ್ತುಗಳಿವೆ. ಫಲಕದ ಎತ್ತರವನ್ನು ನಿರ್ಧರಿಸುವುದು ಇಂತಹ ಅಕ್ಷರವೇ. ಸಾಲುಗಳ ನಡುವೆ ಅಂತರ ಕಡಿಮೆಯಿದ್ದರೆ ಈ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ರಾಮದುರ್ಗ: ‘ರ್ಗ’ ಎಂಬಲ್ಲಿ ರಕಾರವನ್ನು ಮೊದಲು ಉಚ್ಚರಿಸಿದರೂ ಅರ್ಕಾವೊತ್ತನ್ನು ಗಕಾರದ ನಂತರ ಬರೆಯಲಾಗುತ್ತದೆ. ಕನ್ನಡ ಲಿಪಿಯನ್ನು ಸರಿಯಾಗಿ ಜೋಡಿಸಲಾರದ ಹಳೆಯ ವಿನ್ಯಾಸ ತಂತ್ರಾಂಶಗಳಲ್ಲಿ ಇದು ಒಡೆದು, ‘ರ’ ಮತ್ತು ‘ಗ’ ಬಿಡಿಬಿಡಿಯಾಗಿ ಮೂಡುವುದುಂಟು. ಇದೇ ಹೆಸರಿನ ‘ಮ’ ಅಕ್ಷರವು ವಕಾರಕ್ಕೆ ಬಲಬದಿಯಲ್ಲಿ ಬಾಲ ಸೇರಿಸಿದಂತಿದೆ. ಎಲ್ಲ ಅಕ್ಷರಗಳಿಗೂ ಅಲಂಕಾರದ ಬಾಲವಿರುವ ಫಾಂಟ್‌ನಲ್ಲಿ ‘ವ’ ಮತ್ತು ‘ಮ’ಗಳ ವ್ಯತ್ಯಾಸ ಮಸುಕಾಗುತ್ತದೆ.

ಈ ಭಾಗದಲ್ಲಿ ಪ್ರಚಲಿತವಾಗಿರುವ ಯಲ್ಲಮ್ಮ, ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ ಮೊದಲಾದ ಹೆಸರುಗಳಲ್ಲಿಯೂ ಸಜಾತೀಯ ಒತ್ತಕ್ಷರಗಳಿವೆ. ‘ಯಲ್ಲಮ್ಮ’ ಎಂಬಲ್ಲಿ ಲಕಾರದ ಮತ್ತು ಮಕಾರದ ಒತ್ತುಗಳು ಅಕ್ಕಪಕ್ಕದಲ್ಲಿ ಬರುವುದರಿಂದ, ಫಾಂಟ್ ಪರೀಕ್ಷೆಗೆ ಈ ಪದವು ಉಪಯುಕ್ತವಾಗಿದೆ. ದ ಮತ್ತು ಧ, ಬ ಮತ್ತು ಭ, ರ ಮತ್ತು ಠ ಎಂಬ ಜೋಡಿಗಳ ನಡುವಿನ ವ್ಯತ್ಯಾಸವು ಒಂದು ಸೀಳು ಅಥವಾ ಒಂದು ಚುಕ್ಕಿಯಷ್ಟೇ. ದಪ್ಪ ಫಾಂಟ್‌ಗಳಲ್ಲಿ ಇವು ತುಂಬಿಹೋಗದೆ ಸ್ಪಷ್ಟವಾಗಿರಬೇಕು.

ಲಭ್ಯವಿರುವ ಕೆಲವು ಫಾಂಟ್‌ಗಳು

ಬಲೂ ತಮ್ಮ 2: ಮುಂಬಯಿಯ ಏಕ್ ಟೈಪ್ ಸಂಸ್ಥೆಯ ದುಂಡಾದ, ದಪ್ಪ ಫಾಂಟ್. ಇದರಲ್ಲಿ 5 ತೂಕಗಳಿವೆ. ಇದೇ ಕುಟುಂಬದಲ್ಲಿ ದೇವನಾಗರಿ ಫಾಂಟ್ ಕೂಡ ಇರುವುದರಿಂದ, ಮರಾಠಿ ಓದುಗರೂ ಇರುವ ಗಡಿಭಾಗದಲ್ಲಿ ಎರಡು ಲಿಪಿಗಳ ಫಲಕಕ್ಕೆ ಒಂದೇ ರೂಪ ನೀಡಬಹುದು.

ಅನೇಕ್ ಕನ್ನಡ: ಇದೇ ಸಂಸ್ಥೆಯ, 9 ಭಾರತೀಯ ಲಿಪಿಗಳು ಹಾಗೂ ಲ್ಯಾಟಿನ್ ಲಿಪಿಯನ್ನು ಒಳಗೊಂಡ ಕುಟುಂಬದ ಕನ್ನಡ ಫಾಂಟ್. ಗೆರೆಯ ದಪ್ಪದೊಂದಿಗೆ ಅಕ್ಷರದ ಅಗಲವನ್ನೂ ಬದಲಿಸಲು ಸಾಧ್ಯವಿರುವುದರಿಂದ ಉದ್ದನೆಯ ಹೆಸರುಗಳಿಗೆ ಅನುಕೂಲಕರವಾಗಿದೆ.

ಅಕಾಯ ಕನಡಕ: ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಅವರು ರೂಪಿಸಿದ, ಒಂದೇ ತೂಕದ ಪ್ರಾಯೋಗಿಕ ಡಿಸ್‌ಪ್ಲೇ ಫಾಂಟ್.

ಹುಬ್ಬಳ್ಳಿ: ಏರಿನ್ ಮೆಕ್‌ಲಾಫ್ಲಿನ್ ಅವರ ವಿನ್ಯಾಸ. ಅನೌಪಚಾರಿಕ ಭಾವದ, ಸಮಾನ ದಪ್ಪದ ಗೆರೆಗಳುಳ್ಳ ಫಾಂಟ್.

ಇವೆಲ್ಲವೂ ಗೂಗಲ್ ಫಾಂಟ್ಸ್ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ.

ಆಯ್ಕೆ ಮತ್ತು ಪರೀಕ್ಷೆ

ಫಾಂಟ್‌ನ ಮಾದರಿ ಪುಟದಲ್ಲಿರುವ ಪದಗಳ ಬದಲು ಉದ್ದಿಮೆಯ ಪೂರ್ಣ ಹೆಸರನ್ನೇ ಬೆರಳಚ್ಚಿಸಿ ನೋಡುವುದು ಮೊದಲ ಹಂತ. ಅನಂತರ ಅದನ್ನು ಒಂದೇ ಬಣ್ಣದಲ್ಲಿ ಮುದ್ರಿಸಿ ರಸ್ತೆಯ ಆಚೆ ಬದಿಯಿಂದಲೂ, ಕಿರಿದಾಗಿಸಿ ವಾಟ್ಸ್ಆ್ಯಪ್‌ನ ದುಂಡನೆಯ ಚಿತ್ರದ ಗಾತ್ರದಲ್ಲಿಯೂ ಪರಿಶೀಲಿಸಲಾಗುತ್ತದೆ. ನೇಕಾರಿಕೆಗೆ ಹೆಸರಾದ ರಾಮದುರ್ಗದಂತಹ ಊರುಗಳಲ್ಲಿ ಬಟ್ಟೆಯ ಮೇಲಿನ ಚೀಟಿಗೂ ಅದೇ ಅಕ್ಷರ ಬಳಕೆಯಾಗುವುದಾದರೆ, ನೂಲಿನಲ್ಲಿ ತೆಳುಗೆರೆಗಳು ಉಳಿಯುತ್ತವೆಯೇ ಎಂಬುದನ್ನೂ ನೋಡಬೇಕಾಗುತ್ತದೆ. ಹೆಸರನ್ನು ತಿಳಿಯದ ವ್ಯಕ್ತಿಯೊಬ್ಬರಿಂದ ಅದನ್ನು ಓದಿಸುವುದು ಸರಳವಾದ ಪರೀಕ್ಷೆ. ಅವರು ತಡವರಿಸಿದರೆ ಗಿರಾಕಿಯೂ ತಡವರಿಸುತ್ತಾನೆ.

ಲವಲವಿಕೆಯ ಫಾಂಟ್ ಅನ್ನು ಹೆಸರಿಗೆ ಮಾತ್ರ ಸೀಮಿತಗೊಳಿಸಿ, ವಿಳಾಸ, ದೂರವಾಣಿ ಸಂಖ್ಯೆ, ಬೆಲೆ, ನಿವ್ವಳ ತೂಕ ಹಾಗೂ ಆಹಾರ ಪೊಟ್ಟಣಗಳ ಮೇಲಿನ 14 ಅಂಕಿಗಳ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆಗೆ ಸರಳ ಪಠ್ಯ ಫಾಂಟ್ ಬಳಸುವುದು ಸೂಕ್ತ. ಔಷಧ ಅಂಗಡಿ, ಪತ್ತಿನ ಸಹಕಾರಿ ಸಂಘ ಮೊದಲಾದ ನಂಬಿಕೆಯೇ ಪ್ರಧಾನವಾದ ಉದ್ದಿಮೆಗಳಿಗೆ ಈ ಶೈಲಿ ಸಾಮಾನ್ಯವಾಗಿ ಹೊಂದುವುದಿಲ್ಲ.

ಕಾನೂನು ಮತ್ತು ಪರವಾನಗಿ

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಕರ್ನಾಟಕದ ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕು ಮತ್ತು ಅದು ಫಲಕದ ಮೇಲ್ಭಾಗದಲ್ಲಿರಬೇಕು. ಆದ್ದರಿಂದ ಲ್ಯಾಟಿನ್ ಅಕ್ಷರಗಳ ಅಂದವನ್ನು ನೋಡಿ ಫಾಂಟ್ ಆರಿಸಿ, ಕನ್ನಡವನ್ನು ಅನಂತರ ಹೊಂದಿಸುವ ಕ್ರಮ ಸರಿಹೋಗುವುದಿಲ್ಲ.

ಮೇಲಿನ ಫಾಂಟ್‌ಗಳು ಮುಕ್ತ ಫಾಂಟ್ ಪರವಾನಗಿಯಡಿ ಲಭ್ಯವಿವೆ. ಲಾಂಛನ, ಫಲಕ ಮತ್ತು ಮಾರಾಟದ ಪೊಟ್ಟಣಗಳಲ್ಲಿ ಇವುಗಳನ್ನು ಶುಲ್ಕವಿಲ್ಲದೆ ಬಳಸಬಹುದು. ಫಾಂಟ್ ಅನ್ನೇ ಪ್ರತ್ಯೇಕವಾಗಿ ಮಾರುವಂತಿಲ್ಲ. ಇತರ ಫಾಂಟ್‌ಗಳಲ್ಲಿ ‘ವೈಯಕ್ತಿಕ ಬಳಕೆಗೆ ಮಾತ್ರ’ ಎಂಬ ನಿಬಂಧನೆಯಿದ್ದರೆ ಅವುಗಳನ್ನು ವ್ಯಾಪಾರಕ್ಕೆ ಬಳಸಲು ಅನುಮತಿ ಅಗತ್ಯ. ಮುಕ್ತ ಫಾಂಟ್ ಅನ್ನು ಯಾರು ಬೇಕಾದರೂ ಬಳಸಬಹುದಾದ್ದರಿಂದ ಪಕ್ಕದ ಅಂಗಡಿಯ ಫಲಕವೂ ಅದೇ ಅಕ್ಷರದಲ್ಲಿರುವ ಸಾಧ್ಯತೆಯಿದೆ. ಬಣ್ಣ, ಚಿತ್ರ ಅಥವಾ ಒಂದೆರಡು ಅಕ್ಷರಗಳ ಮಾರ್ಪಾಡಿನಿಂದ ಹೆಸರಿಗೆ ಪ್ರತ್ಯೇಕ ಗುರುತು ದೊರೆಯುತ್ತದೆ. ಮುದ್ರಣಾಲಯಕ್ಕೆ ಕಳುಹಿಸುವ ಮೊದಲು ಅಕ್ಷರಗಳನ್ನು ರೇಖಾಕೃತಿಗಳಾಗಿ ಪರಿವರ್ತಿಸಿದರೆ, ಅಲ್ಲಿನ ಗಣಕಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೂ ಒತ್ತಕ್ಷರಗಳು ಒಡೆಯುವುದಿಲ್ಲ.