ಇಪ್ಪತ್ತು ನಿಮಿಷದ ಅಂತರ

ಗ್ರ್ಯಾಂಡ್ ಟೂರಿಂಗ್ ಕಾರೆಂದರೆ ಸ್ಪೋರ್ಟ್ಸ್ ಕಾರಿನ ಮೊನಚು ಸವೆಸಿ, ಮೆತ್ತೆ ಹೊದಿಸಿದ್ದು ಎಂಬ ಮಾತು ಬಳಕೆಯಲ್ಲಿದೆ. ಇಟಲಿಯ ರಸ್ತೆಗಳ ಚರಿತ್ರೆ ಇದನ್ನು ಒಪ್ಪುವುದಿಲ್ಲ. ಬ್ರೆಷಿಯಾದಿಂದ ರೋಮಿಗೆ ಹೋಗಿ ಮರಳುವ, ಸುಮಾರು 1,600 ಕಿಲೋಮೀಟರಿನ ಮಿಲ್ಲೆ ಮಿಲ್ಯಾ ಓಟದಲ್ಲಿ 1951ರಲ್ಲಿ ಎರಡನೆಯದಾಗಿ ಬಂದದ್ದು ಲಾನ್ಸಿಯಾ ಔರೇಲಿಯಾ ಬಿ20. ಎರಡು ಲೀಟರಿಗೂ ತುಸು ಕಡಿಮೆಯ ವಿ6 ಎಂಜಿನ್, ಗಟ್ಟಿ ಸೂರು, ಹಿಂದೆ ಇಕ್ಕಟ್ಟಾದರೂ ಸೀಟು. ಗೇರ್‌ಬಾಕ್ಸನ್ನೂ ಕ್ಲಚ್ಚನ್ನೂ ಹಿಂಚಕ್ರಗಳ ನಡುವೆ ಇಟ್ಟಿದ್ದರಿಂದ ಭಾರ ಮುಂದೆ-ಹಿಂದೆ ಹಂಚಿಹೋಗಿ, ಒದ್ದೆ ತಿರುವಿನಲ್ಲೂ ಕಾರು ಹದ ತಪ್ಪುತ್ತಿರಲಿಲ್ಲ. ಆ ವರ್ಷ ಮಳೆಯೂ ಸುರಿದಿತ್ತು.

ಗೆದ್ದದ್ದು ಫೆರಾರಿಯೇ ತಾನೆ ಎನ್ನಬಹುದು. ನಿಜ, ವಿಲ್ಲೊರೇಸಿ ಓಡಿಸಿದ 340 ಅಮೆರಿಕ ಗೆದ್ದಿತು. ಆದರೆ ಅದರ 4.1 ಲೀಟರಿನ ಹನ್ನೆರಡು ಸಿಲಿಂಡರುಗಳು ಹದಿಮೂರು ಗಂಟೆಯ ಹಾದಿಯಲ್ಲಿ ಗಳಿಸಿದ್ದು ಇಪ್ಪತ್ತು ನಿಮಿಷ ಮಾತ್ರ. ಮೇಲಾಗಿ (ಇದನ್ನು ಮರೆಯುವವರೇ ಹೆಚ್ಚು) ಅದಕ್ಕೂ ಸೂರಿತ್ತು! 1955ರಲ್ಲಿ ಸ್ಟರ್ಲಿಂಗ್ ಮಾಸ್ ತೆರೆದ ಮರ್ಸಿಡೀಸ್‌ನಲ್ಲಿ ಇದೇ ಓಟವನ್ನು ಹತ್ತು ಗಂಟೆ ಏಳು ನಿಮಿಷದಲ್ಲಿ ಮುಗಿಸಿದ್ದು ಇನ್ನೂ ಬಲವಾದ ಆಕ್ಷೇಪ. ಆದರೆ ಅದು ಓಟಕ್ಕೆಂದೇ ಕಟ್ಟಿದ ಕಾರು. ಪಕ್ಕದಲ್ಲಿ ಕೂತ ಡೆನಿಸ್ ಜೆಂಕಿನ್ಸನ್ ಉದ್ದನೆಯ ಕಾಗದದ ಸುರುಳಿ ಬಿಚ್ಚುತ್ತ ಪ್ರತಿ ತಿರುವನ್ನೂ ಕೈಸನ್ನೆಯಲ್ಲಿ ತಿಳಿಸುತ್ತಿದ್ದ. ಔರೇಲಿಯಾವನ್ನಾದರೋ ಅಂಗಡಿಯಲ್ಲಿ ಕೊಂಡು, ಪೆಟ್ಟಿಗೆ ತುಂಬಿ, ಮರುದಿನವೇ ರೋಮಿಗೆ ಹೊರಡಬಹುದಿತ್ತು. ದಣಿಯದ ಚಾಲಕ ಬ್ರೇಕನ್ನು ತಡವಾಗಿ ಒತ್ತುತ್ತಾನೆ, ಕಡಿಮೆ ತಪ್ಪುತ್ತಾನೆ. ಆ ಕಾರಿನಲ್ಲಿ ಸುಖವೂ ವೇಗದ ಯಂತ್ರಾಂಗವೇ ಆಗಿತ್ತು.