ಸಂಧಿವಾತ ಚಿಕಿತ್ಸಾ ಸೂತ್ರಗಳ ಪ್ರಾದೇಶಿಕ ಪರಿಷ್ಕಾರ: ಚಾಮರಾಜನಗರ-ಗುಂಡ್ಲುಪೇಟೆ ಸೀಮೆಯ ಹಿನ್ನೆಲೆಯಲ್ಲಿ

ರುಮಟಾಯ್ಡ್ ಸಂಧಿವಾತದ ಚಿಕಿತ್ಸಾ ಸೂತ್ರಗಳು ಬಹುಮಟ್ಟಿಗೆ ಅಮೆರಿಕ ಹಾಗೂ ಯುರೋಪಿನಲ್ಲಿ ರೂಪುಗೊಂಡವು. 1988ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆ ಮಾನ್ಯತೆ ಪಡೆದ ಮೆಥೊಟ್ರೆಕ್ಸೇಟ್ ಕ್ರಮೇಣ ಚಿಕಿತ್ಸೆಯ ಆಧಾರವಾಯಿತು. 1993ರಲ್ಲಿ ಪ್ರಕಟವಾದ ದೆಹಲಿ ಸಮೀಪದ ಗ್ರಾಮೀಣ ಸಮೀಕ್ಷೆಯು ವಯಸ್ಕರಲ್ಲಿ ಶೇ. 0.75ರಷ್ಟು ಮಂದಿಗೆ ಈ ರೋಗವಿರುವುದನ್ನು ಗುರುತಿಸಿತು. ಇದು ನಗರವಾಸಿಗಳ ಕಾಯಿಲೆ ಮಾತ್ರವಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು.

ಜೈವಿಕ ಔಷಧಗಳು ಬಂದ ಬಳಿಕ ಇನ್ನೊಂದು ಪ್ರಶ್ನೆ ಎದ್ದಿತು. ಇನ್‌ಫ್ಲಿಕ್ಸಿಮ್ಯಾಬ್ ಪಡೆದವರಲ್ಲಿ ಕ್ಷಯ ಕಾಣಿಸಿಕೊಂಡ 70 ಪ್ರಕರಣಗಳು 2001ರಲ್ಲಿ ವರದಿಯಾದವು. ಕ್ಷಯ ವ್ಯಾಪಕವಾಗಿರುವ ಭಾರತಕ್ಕೆ ಇದು ಗಂಭೀರ ಎಚ್ಚರಿಕೆಯಾಗಿತ್ತು. 2015ರ ಏಷ್ಯಾ-ಪೆಸಿಫಿಕ್ ಶಿಫಾರಸುಗಳು ಕ್ಷಯ, ಹೆಪಟೈಟಿಸ್ ಬಿ ಮೊದಲಾದ ಸೋಂಕುಗಳನ್ನು ವಿಶೇಷವಾಗಿ ಪರಿಗಣಿಸಿದವು.

ಸೋಂಕಿನಷ್ಟೇ ಮುಖ್ಯವಾದುದು ದೂರ. 1997ರಲ್ಲಿ ಜಿಲ್ಲೆಯಾದ ಚಾಮರಾಜನಗರಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದುದು 2016ರಲ್ಲಿ. ಅದುವರೆಗೆ ಗುಂಡ್ಲುಪೇಟೆಯವರಿಗೆ ತಜ್ಞ ಚಿಕಿತ್ಸೆಯೆಂದರೆ ಬಹುಮಟ್ಟಿಗೆ ಸುಮಾರು 60 ಕಿ.ಮೀ. ದೂರದ ಮೈಸೂರು. ಸೂತ್ರಗಳು ವಿಧಿಸುವ ಪ್ರತಿಯೊಂದು ರಕ್ತಪರೀಕ್ಷೆಯೂ ಅರಿಸಿನದ ಹೊಲದಲ್ಲಿ ದುಡಿಯುವ ಹೆಣ್ಣುಮಗಳಿಗೆ ಒಂದು ದಿನದ ಕೂಲಿಯ ನಷ್ಟ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಸೇವಿಸುವ ಔಷಧ. ತಪ್ಪಿ ದಿನವೂ ನುಂಗಿದರೆ ಪ್ರಾಣಾಪಾಯ. ಆ ದಿನವನ್ನು ಊರಿನ ಸಂತೆಯ ದಿನಕ್ಕೆ ಹೊಂದಿಸಿ ತಿಳಿಹೇಳುವುದೂ, ಹತ್ತಿರದ ಆರೋಗ್ಯ ಕೇಂದ್ರದಲ್ಲೇ ರಕ್ತ ಸಂಗ್ರಹಿಸುವುದೂ ಸೂತ್ರದ ಪರಿಷ್ಕಾರವೇ ಸರಿ.

ಬೆರಳುಗಳು ಸೊಟ್ಟಗಾಗುವ ಮೊದಲೇ ಚಿಕಿತ್ಸೆ ಆರಂಭವಾಗಬೇಕೆಂಬ ತತ್ತ್ವ ಎಲ್ಲೆಡೆಯೂ ಒಂದೇ. ಅದು ರೋಗಿಯನ್ನು ತಲುಪುವ ದಾರಿ ಮಾತ್ರ ಆಯಾ ಸೀಮೆಯದಾಗಬೇಕು.